ಕಾದಂಬರಿಯೊಂದರ ವಿಮರ್ಶೆಯನ್ನು ಹುಡುಕಿ ಟಿಪ್ಪಣಿಸಹಿತ ಗ್ರಂಥಸೂಚಿ ಸಿದ್ಧಪಡಿಸುವ ಬಗೆ: ‘ಸಂಸ್ಕಾರ’ವನ್ನು ಮುಂದಿಟ್ಟುಕೊಂಡು

ಕನ್ನಡ ಎಂ.ಎ. ತರಗತಿಗಳಲ್ಲಿಯೂ ಪಿಎಚ್.ಡಿ.ಯ ಮೊದಲ ವರ್ಷದಲ್ಲಿಯೂ ವಿದ್ಯಾರ್ಥಿಗಳು ಸಿದ್ಧಪಡಿಸಿ ಕೊಡುವ ಟಿಪ್ಪಣಿಸಹಿತ ಗ್ರಂಥಸೂಚಿಗಳಲ್ಲಿ (ಪ್ರತಿ ಆಕರದ ಕೆಳಗೂ ಅದರ ವಾದವನ್ನೂ ಉಪಯೋಗವನ್ನೂ ಹೇಳಬೇಕಾದ ಸೂಚಿಗಳಲ್ಲಿ) ಹೆಚ್ಚಿನವು ಬರಿಯ ಪಟ್ಟಿಗಳಾಗಿರುತ್ತವೆ. ಲೇಖಕರ ಹೆಸರು, ಪುಸ್ತಕ, ಪ್ರಕಾಶಕರು, ವರ್ಷ. ಕೆಳಗೆ ‘ಈ ಲೇಖನ ಕಾದಂಬರಿಯ ಬಗ್ಗೆ ಮಹತ್ವದ ಒಳನೋಟಗಳನ್ನು ನೀಡುತ್ತದೆ’ ಎಂಬ ಒಂದು ಸಾಲು. ಈ ಸಾಲನ್ನು ಯಾವ ಲೇಖನದ ಕೆಳಗೆ ಅಂಟಿಸಿದರೂ ಒಪ್ಪುತ್ತದೆ. ಹಾಗಾಗಿಯೇ ಅದರಿಂದ ಯಾರಿಗೂ ಉಪಯೋಗವಿಲ್ಲ. ಒಂದು ಕಾದಂಬರಿಯ ಬಗ್ಗೆ ಅರ್ಧ ಶತಮಾನ ನಡೆದ ವಿಮರ್ಶೆ ಎಂದರೆ ಒಬ್ಬರ ಮಾತಿಗೆ ಇನ್ನೊಬ್ಬರು ತಕರಾರು ತೆಗೆದು, ಮೂರನೆಯವರು ಆ ತಕರಾರಿನ ನೆಲೆಯನ್ನೇ ಪ್ರಶ್ನಿಸಿ ಬೆಳೆಸಿದ ವಾಗ್ವಾದ. ಯಾರು, ಯಾವ ಕಾಲದಲ್ಲಿ, ಯಾರಿಗೆ ಉತ್ತರವಾಗಿ, ಕಾದಂಬರಿಯ ಯಾವ ಭಾಗವನ್ನು ಆಧಾರವಾಗಿಟ್ಟುಕೊಂಡು ಏನು ಹೇಳಿದರು ಎಂಬುದು ಗ್ರಂಥಸೂಚಿಯನ್ನು ಓದಿದವರಿಗೆ ತಿಳಿಯಬೇಕು. ಮುಂದೆ ವಿವರಿಸುವ ಕ್ರಮವೆಲ್ಲ ಈ ಒಂದು ಉದ್ದೇಶಕ್ಕೆ ಹೊಂದಿಕೊಂಡಿದೆ.

ಮಾದರಿಗಾಗಿ ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ವನ್ನು (1965) ತೆಗೆದುಕೊಂಡಿದ್ದೇನೆ. ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಅದರ ಬಗ್ಗೆ ಸಾಕಷ್ಟು ಬರಹವಿದೆ, ಆ ಬರಹಗಳು ಪರಸ್ಪರ ಜಗಳವಾಡುತ್ತವೆ, ಮತ್ತು ಬೆಂಗಳೂರಿನಲ್ಲಿ ಕುಳಿತು ಅವುಗಳಲ್ಲಿ ಬಹುಪಾಲನ್ನು ಕೈಗೆ ತೆಗೆದುಕೊಳ್ಳಬಹುದು. ‘ಚೋಮನ ದುಡಿ’ಗಾಗಲಿ ‘ಮಲೆಗಳಲ್ಲಿ ಮದುಮಗಳು’ವಿಗಾಗಲಿ ಇದೇ ದಾರಿ ಅನ್ವಯಿಸುತ್ತದೆ.

ಪ್ರಶ್ನೆ ಮೊದಲು, ಪುಸ್ತಕ ಆಮೇಲೆ

‘ಸಂಸ್ಕಾರದ ಬಗ್ಗೆ ಬಂದ ವಿಮರ್ಶೆ’ ಎಂಬುದು ವಿಷಯವಾಗುವುದಿಲ್ಲ; ಅಷ್ಟನ್ನೇ ಹಿಡಿದು ಹೊರಟರೆ ಪಟ್ಟಿಗೆ ಕೊನೆಯೂ ಇರುವುದಿಲ್ಲ, ಆಯ್ಕೆಗೆ ಆಧಾರವೂ ಇರುವುದಿಲ್ಲ. ಕಾದಂಬರಿಯನ್ನು ಇನ್ನೊಮ್ಮೆ ಓದಿ ಅದರೊಳಗಿಂದಲೇ ಒಂದು ಪ್ರಶ್ನೆಯನ್ನು ಎತ್ತಿಕೊಳ್ಳಬೇಕು. ದೂರ್ವಾಸಪುರದ ಅಗ್ರಹಾರದಲ್ಲಿ, ಬ್ರಾಹ್ಮಣ ಆಚಾರಗಳನ್ನು ಮುರಿದು ಬಾಳಿದ ನಾರಣಪ್ಪನ ಶವ ಮನೆಯಲ್ಲಿಯೇ ಉಳಿಯುತ್ತದೆ. ದಹನ ಮಾಡಬೇಕಾದವರು ಯಾರು ಎಂಬ ಪ್ರಶ್ನೆಗೆ ಅಗ್ರಹಾರದ ಪಂಡಿತ ಪ್ರಾಣೇಶಾಚಾರ್ಯರಿಗೆ ಗ್ರಂಥಗಳಲ್ಲಿ ಉತ್ತರ ಸಿಗುವುದಿಲ್ಲ. ನಾರಣಪ್ಪನ ಸಂಗಾತಿ ಚಂದ್ರಿಯೊಡನೆ ಕೂಡಿದ ಬಳಿಕ ಆಚಾರ್ಯರ ಬದುಕು ಬೇರೆಯಾಗುತ್ತದೆ. ಅವರು ಮುಂದೇನು ಮಾಡುತ್ತಾರೆ ಎಂಬುದನ್ನು ಹೇಳದೆಯೇ ಕಥೆ ನಿಲ್ಲುತ್ತದೆ. ಈ ನಾಲ್ಕರಲ್ಲಿ ಒಂದೊಂದರಿಂದಲೂ ಒಂದೊಂದು ಗ್ರಂಥಸೂಚಿ ಹುಟ್ಟಬಹುದು. ‘ಕಾದಂಬರಿಯ ಮುಗಿಯದ ಮುಕ್ತಾಯವನ್ನು ವಿಮರ್ಶಕರು ಹೇಗೆ ಅರ್ಥೈಸಿದ್ದಾರೆ’ ಎಂದು ಕೇಳಿಕೊಂಡವರಿಗೆ ಕೆಲವು ಲೇಖನಗಳು ತೀರ ಮುಖ್ಯವಾಗುತ್ತವೆ. ‘ಚಂದ್ರಿ, ಬೆಳ್ಳಿಯಂಥ ಸ್ತ್ರೀಪಾತ್ರಗಳಿಗೆ ಕಾದಂಬರಿ ಒಳಮನಸ್ಸನ್ನು ಕೊಟ್ಟಿದೆಯೇ’ ಎಂದು ಕೇಳಿಕೊಂಡವರಿಗೆ ಅದೇ ಲೇಖನಗಳು ಅಂಚಿಗೆ ಸರಿದು ಬೇರೆಯವು ಮುಂದೆ ಬರುತ್ತವೆ. ಪ್ರಶ್ನೆಯನ್ನು ಒಂದು ವಾಕ್ಯದಲ್ಲಿ ಬರೆದು ಟಿಪ್ಪಣಿ ಪುಸ್ತಕದ ಮೊದಲ ಪುಟದಲ್ಲಿಯೇ ಇಟ್ಟುಕೊಳ್ಳಿ. ಹುಡುಕಾಟದ ನಡುವೆ ಅದು ಬದಲಾದರೆ ಹಳೆಯದನ್ನು ಅಳಿಸದೆ ಕೆಳಗೆ ಹೊಸದನ್ನು ಬರೆಯಿರಿ. ಯಾವ ಲೇಖನ ಓದಿದ ಮೇಲೆ ಬದಲಾಯಿತು ಎಂಬುದೂ ಮುಂದೆ ಪೀಠಿಕೆ ಬರೆಯುವಾಗ ಬೇಕಾಗುತ್ತದೆ.

ಮೂಲಪಠ್ಯವನ್ನೂ ಗೊತ್ತುಮಾಡಿಕೊಳ್ಳಬೇಕು. ಹಲವಾರು ಮುದ್ರಣ ಕಂಡ ಕಾದಂಬರಿಯಲ್ಲಿ ಪುಟಸಂಖ್ಯೆಗಳು ಒಂದೇ ಆಗಿರುವುದಿಲ್ಲ. 1970ರ ದಶಕದ ಲೇಖನವೊಂದು ಕೊಡುವ ಪುಟವನ್ನು ಇಂದಿನ ಪ್ರತಿಯಲ್ಲಿ ತೆರೆದರೆ ಅಲ್ಲಿ ಬೇರೆಯೇ ಪ್ರಸಂಗವಿರುತ್ತದೆ. ನೀವು ಬಳಸುವ ಪ್ರತಿಯ ಮುದ್ರಣ ಎಷ್ಟನೆಯದು, ಪ್ರಕಾಶಕರು ಯಾರು ಎಂಬುದನ್ನು ಶೀರ್ಷಿಕೆ ಪುಟದ ಹಿಂಬದಿಯಿಂದ ಬರೆದುಕೊಂಡು ಕೊನೆಯವರೆಗೂ ಅದೊಂದನ್ನೇ ಬಳಸಿ. ವಿಮರ್ಶಕರ ಉಲ್ಲೇಖಗಳನ್ನು ಪುಟದ ಬದಲು ಪ್ರಸಂಗದ ಮೂಲಕ ಗುರುತಿಸಿಕೊಳ್ಳುವುದು ಸುರಕ್ಷಿತ. ಎ.ಕೆ. ರಾಮಾನುಜನ್ ಅವರ ಇಂಗ್ಲಿಷ್ ಅನುವಾದ (ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್, 1976) ಬೇರೆ ಕೃತಿ, ಪಟ್ಟಾಭಿರಾಮ ರೆಡ್ಡಿ ನಿರ್ದೇಶಿಸಿ ಗಿರೀಶ ಕಾರ್ನಾಡರು ಪ್ರಾಣೇಶಾಚಾರ್ಯರಾಗಿ ಅಭಿನಯಿಸಿದ 1970ರ ಚಲನಚಿತ್ರ ಇನ್ನೊಂದು ಬೇರೆ ಕೃತಿ. ವಿಮರ್ಶಕರು ಈ ಮೂರರಲ್ಲಿ ಯಾವುದನ್ನು ಓದಿ ಅಥವಾ ನೋಡಿ ಮಾತನಾಡುತ್ತಿದ್ದಾರೆ ಎಂಬುದನ್ನು ಗುರುತಿಸದೆ ಬರೆದ ಟಿಪ್ಪಣಿ ಓದುಗರನ್ನು ದಾರಿ ತಪ್ಪಿಸುತ್ತದೆ.

ಬೆಂಗಳೂರಿನಲ್ಲಿ ಎಲ್ಲೆಲ್ಲಿ ಹುಡುಕಬೇಕು

ಕನ್ನಡ ವಿಮರ್ಶೆ ಪುಸ್ತಕವಾಗಿ ಹುಟ್ಟುವುದು ಅಪರೂಪ. ಅದು ಮೊದಲು ಸಾಹಿತ್ಯ ಪತ್ರಿಕೆಯಲ್ಲಿ ಲೇಖನವಾಗಿ ಅಥವಾ ವಿಚಾರಸಂಕಿರಣದಲ್ಲಿ ಭಾಷಣವಾಗಿ ಬರುತ್ತದೆ. ಕೆಲವು ವರ್ಷಗಳ ನಂತರ ವಿಮರ್ಶಕರ ಸ್ವಂತ ಸಂಕಲನಕ್ಕೆ ಸೇರುತ್ತದೆ. ಮುಂದೆ ಯಾರದೋ ಸಂಪಾದಿತ ಗ್ರಂಥದಲ್ಲಿ, ಕೊನೆಗೆ ಸಮಗ್ರ ಸಂಪುಟದಲ್ಲಿ ಮತ್ತೆ ಕಾಣಿಸಿಕೊಳ್ಳುತ್ತದೆ. ವಿದ್ಯಾರ್ಥಿಯ ಕೈಗೆ ಸಿಗುವುದು ಸಾಮಾನ್ಯವಾಗಿ ಕೊನೆಯದು. 1968ರಲ್ಲಿ ಬರೆದ ಲೇಖನವನ್ನು 2005ರ ಸಂಪುಟದ ವರ್ಷದೊಂದಿಗೆ ನಮೂದಿಸಿದರೆ ವಾಗ್ವಾದದ ಕಾಲಕ್ರಮವೇ ತಲೆಕೆಳಗಾಗುತ್ತದೆ. ಬಂಡಾಯ ಸಾಹಿತ್ಯ ಸಂಘಟನೆ 1979ರಲ್ಲಿ ಹುಟ್ಟುವುದಕ್ಕೆ ಮುಂಚಿನ ನವ್ಯ ವಿಮರ್ಶಕರೊಬ್ಬರ ಮಾತು ಬಂಡಾಯಕ್ಕೆ ಕೊಟ್ಟ ಉತ್ತರದಂತೆ ಕಾಣತೊಡಗುತ್ತದೆ. ಆದ್ದರಿಂದ ಸಂಕಲನದ ಅರಿಕೆಯನ್ನೂ ಲೇಖನದ ಕೊನೆಯಲ್ಲಿ ಕಂಸದೊಳಗೆ ಅಚ್ಚಾಗಿರುವ ವರ್ಷವನ್ನೂ ತಪ್ಪದೆ ನೋಡಬೇಕು. ಮೊದಲು ಪ್ರಕಟವಾದ ಪತ್ರಿಕೆಯ ಹೆಸರು ಅಲ್ಲಿದ್ದರೆ ಆ ಸಂಚಿಕೆಯನ್ನೇ ಹುಡುಕಿಕೊಂಡು ಹೋಗಬೇಕು. ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಹೆಚ್ಚು ಹೊತ್ತು ಬೇಡುವುದೂ ಹೆಚ್ಚು ಫಲ ಕೊಡುವುದೂ ಇದೇ ಹಂತ.

ಹುಡುಕಬೇಕಾದ ಪತ್ರಿಕೆಗಳು ಯಾವುವು ಎಂಬುದು ಕಾದಂಬರಿಯ ಕಾಲದಿಂದ ತಿಳಿಯುತ್ತದೆ. ‘ಸಂಸ್ಕಾರ’ಕ್ಕಾದರೆ ಗೋಪಾಲಕೃಷ್ಣ ಅಡಿಗರ ಸಂಪಾದಕತ್ವದ ‘ಸಾಕ್ಷಿ’, ಧಾರವಾಡದ ‘ಸಂಕ್ರಮಣ’, ಬೆಂಗಳೂರಿನ ‘ಶೂದ್ರ’, ವಿಶ್ವವಿದ್ಯಾಲಯಗಳ ‘ಪ್ರಬುದ್ಧ ಕರ್ಣಾಟಕ’ ಮತ್ತು ‘ಸಾಧನೆ’ ಮೊದಲ ಸಾಲಿನಲ್ಲಿ ಬರುತ್ತವೆ. ಅನಂತಮೂರ್ತಿಯವರೇ ಸಂಪಾದಿಸಿದ ‘ರುಜುವಾತು’ ಲೇಖಕರ ನಿಲುವುಗಳು ಮುಂದೆ ಹೇಗೆ ಬದಲಾದವು ಎಂಬುದಕ್ಕೆ ಆಕರ. ಇಂಗ್ಲಿಷಿನಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ‘ಇಂಡಿಯನ್ ಲಿಟರೇಚರ್’ ಪತ್ರಿಕೆಯ ಹಳೆಯ ಸಂಚಿಕೆಗಳನ್ನು ಬಿಡಬಾರದು.

ಚಾಮರಾಜಪೇಟೆಯ ಕನ್ನಡ ಸಾಹಿತ್ಯ ಪರಿಷತ್ತಿನ ಗ್ರಂಥಾಲಯ, ಕಬ್ಬನ್ ಪಾರ್ಕಿನ ಕೆಂಪು ಕಟ್ಟಡದಲ್ಲಿರುವ ರಾಜ್ಯ ಕೇಂದ್ರ ಗ್ರಂಥಾಲಯ, ಜ್ಞಾನಭಾರತಿಯಲ್ಲಿರುವ ಬೆಂಗಳೂರು ವಿಶ್ವವಿದ್ಯಾಲಯದ ಗ್ರಂಥಾಲಯ, ಸೆಂಟ್ರಲ್ ಕಾಲೇಜು ಆವರಣದಲ್ಲಿರುವ ಸಾಹಿತ್ಯ ಅಕಾಡೆಮಿಯ ಪ್ರಾದೇಶಿಕ ಕಚೇರಿ: ಇವು ಮುಖ್ಯ ನಿಲ್ದಾಣಗಳು. ಕಬ್ಬನ್ ಪಾರ್ಕಿಗೂ ಜ್ಞಾನಭಾರತಿಗೂ ನೇರಳೆ ಮಾರ್ಗದ ಮೆಟ್ರೊ ಇರುವುದರಿಂದ ಎರಡನ್ನೂ ಒಂದೇ ದಿನ ಮುಗಿಸೋಣ ಎನಿಸುತ್ತದೆ. ಹಾಗೆ ಮಾಡಬೇಡಿ, ಪತ್ರಿಕೆಗಳ ಕಟ್ಟು ಬಿಚ್ಚಿಸುವುದರಲ್ಲಿಯೇ ಅರ್ಧ ದಿನ ಹೋಗುತ್ತದೆ. ಹೊರಡುವ ಮುನ್ನ ದೂರವಾಣಿ ಮಾಡಿ ರಜೆಯ ದಿನ ಯಾವುದು, ಹೊರಗಿನವರಿಗೆ ಪ್ರವೇಶವಿದೆಯೇ, ವಿಭಾಗದ ಪತ್ರ ಬೇಕೇ, ಫೋನಿನಲ್ಲಿ ಪುಟದ ಚಿತ್ರ ತೆಗೆಯಲು ಬಿಡುತ್ತಾರೆಯೇ ಎಂದು ಕೇಳಿಕೊಳ್ಳಿ. ಗ್ರಂಥಪಾಲಕರಲ್ಲಿ ‘ಸಂಸ್ಕಾರದ ಬಗ್ಗೆ ಏನಿದೆ ಸರ್’ ಎಂದು ಕೇಳಿದರೆ ಕಾದಂಬರಿಯ ಪ್ರತಿಯನ್ನೇ ತಂದುಕೊಡುತ್ತಾರೆ. ಪತ್ರಿಕೆಯ ಹೆಸರು ಮತ್ತು ವರ್ಷ ಹೇಳಿ ಕೇಳಬೇಕು.

ಕಟ್ಟು ಹಾಕಿದ ಹಳೆಯ ಪತ್ರಿಕೆಗಳ ವಿಷಯದಲ್ಲಿ ಒಂದು ಎಚ್ಚರ. ಬೈಂಡು ಮಾಡುವಾಗ ಎಷ್ಟೋ ಕಡೆ ರಕ್ಷಾಪುಟಗಳನ್ನು ಕಿತ್ತುಹಾಕಿರುತ್ತಾರೆ. ತಿಂಗಳು, ಸಂಪುಟ, ಸಂಚಿಕೆಯ ಸಂಖ್ಯೆ ಅಚ್ಚಾಗಿದ್ದದ್ದು ಅದೇ ಪುಟದ ಮೇಲೆ. ಬೆನ್ನಿನ ಮೇಲೆ ಬೈಂಡಿನವರು ಬರೆದ ವರ್ಷವನ್ನು ನಂಬಿ ನಮೂದಿಸಬೇಡಿ. ಸಂಪಾದಕೀಯ, ಒಳಪುಟದ ಅಡಿಯಲ್ಲಿರುವ ಮುದ್ರಕರ ಸಾಲು, ಚಂದಾ ಪ್ರಕಟಣೆ, ಹಿಂದಿನ ಸಂಚಿಕೆಗೆ ಬಂದ ಓಲೆಗಳು, ಇವುಗಳಿಂದ ಸಂಚಿಕೆ ಯಾವುದೆಂದು ಪತ್ತೆಮಾಡಬಹುದು. ಇನ್ನೂ ಹಿಂದಿನ ಪತ್ರಿಕೆಗಳಲ್ಲಿ ಇಸವಿಯ ಜೊತೆಗೆ ಸಂವತ್ಸರದ ಹೆಸರೂ ಇರುತ್ತದೆ. ಯುಗಾದಿಯಲ್ಲಿ ಸಂವತ್ಸರ ಬದಲಾಗುವುದರಿಂದ ಒಂದೇ ಸಂವತ್ಸರ ಎರಡು ಇಸವಿಗಳಿಗೆ ಚಾಚಿಕೊಂಡಿರುತ್ತದೆ ಎಂಬುದನ್ನು ನೆನಪಿಡಬೇಕು. ಲೇಖನದ ಮೊದಲ ಪುಟದ ಚಿತ್ರ ತೆಗೆಯುವಾಗ ಸಂಚಿಕೆಯ ವಿವರವಿರುವ ಪುಟವನ್ನೂ ಒಟ್ಟಿಗೆ ತೆಗೆದುಕೊಳ್ಳಿ. ಎರಡೂ ಒಂದೇ ಕಡೆ ಇಲ್ಲದಿದ್ದರೆ ಮನೆಗೆ ಬಂದ ಮೇಲೆ ಯಾವ ಲೇಖನ ಯಾವ ಸಂಚಿಕೆಯದು ಎಂದು ಹೇಳುವುದಕ್ಕೆ ಆಗುವುದಿಲ್ಲ.

ಅಭಿನಂದನ ಗ್ರಂಥಗಳು ನಮ್ಮಲ್ಲಿ ವಿಮರ್ಶೆಯ ಗುಪ್ತನಿಧಿಗಳು. ಯಾರೋ ಪ್ರಾಧ್ಯಾಪಕರ ಅರವತ್ತನೆಯ ವರ್ಷಕ್ಕೆ ಬಂದ ಸಂಪುಟದಲ್ಲಿ, ಅವರಿಗೆ ಸಂಬಂಧವೇ ಇಲ್ಲದ ಕಾದಂಬರಿಯ ಮೇಲೆ ಒಳ್ಳೆಯ ಲೇಖನ ಅಡಗಿರುತ್ತದೆ. ಸೂಚಿಕಾರ್ಡಿನಲ್ಲಾಗಲಿ ಕಂಪ್ಯೂಟರಿನಲ್ಲಾಗಲಿ ಅದರ ಸುಳಿವು ಸಿಗುವುದಿಲ್ಲ. ಕಪಾಟಿನ ಮುಂದೆ ನಿಂತು ಪರಿವಿಡಿಗಳನ್ನು ತಿರುವಿ ನೋಡುವುದಲ್ಲದೆ ಬೇರೆ ಉಪಾಯವಿಲ್ಲ. ಅವೆನ್ಯೂ ರಸ್ತೆಯ ಹಳೆಯ ಪುಸ್ತಕದ ಅಂಗಡಿಗಳಲ್ಲಿ ಇಂಥ ಸಂಪುಟಗಳು ಅಗ್ಗಕ್ಕೆ ಸಿಗುವುದುಂಟು, ಏಕೆಂದರೆ ಅವನ್ನು ಕೇಳಿಕೊಂಡು ಬರುವವರು ಕಡಿಮೆ.

ಅಂತರ್ಜಾಲದ ಹುಡುಕಾಟ

‘ಸಂಸ್ಕಾರ’ ಎಂದು ಒಂದೇ ಪದ ಹಾಕಿ ಹುಡುಕಿದರೆ ಷೋಡಶ ಸಂಸ್ಕಾರಗಳಿಂದ ಹಿಡಿದು ತ್ಯಾಜ್ಯ ಸಂಸ್ಕರಣೆಯವರೆಗೆ ಎಲ್ಲವೂ ಬಂದು ಬೀಳುತ್ತದೆ. ಪಾತ್ರದ ಅಥವಾ ಊರಿನ ಹೆಸರನ್ನು ಸೇರಿಸಿ: ‘ಪ್ರಾಣೇಶಾಚಾರ್ಯ’, ‘ನಾರಣಪ್ಪ’, ‘ದೂರ್ವಾಸಪುರ’. ಕಾದಂಬರಿಯನ್ನು ನಿಜವಾಗಿ ಚರ್ಚಿಸುವ ಬರಹದಲ್ಲಿ ಇವುಗಳಲ್ಲೊಂದು ಇದ್ದೇ ಇರುತ್ತದೆ, ಅದನ್ನು ಹೆಸರಿಸಿ ಮುಂದೆ ಹೋಗುವ ಬರಹದಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಅಂದರೆ ಈ ಪದಗಳು ಜರಡಿಯ ಕೆಲಸವನ್ನೂ ಮಾಡುತ್ತವೆ. ರೋಮನ್ ಲಿಪಿಯಲ್ಲಿ ಹುಡುಕುವಾಗ ಲೇಖಕರ ಹೆಸರನ್ನು ಒಂದೇ ಪದವಾಗಿಯೂ ‘ಅನಂತ’ ಮತ್ತು ‘ಮೂರ್ತಿ’ ಎಂದು ಬಿಡಿಸಿಯೂ ಹಾಕಿ ನೋಡಬೇಕು. ಎರಡೂ ರೂಪಗಳು ಬಳಕೆಯಲ್ಲಿವೆ.

ಕನ್ನಡದ ಹಳೆಯ ಪಿಡಿಎಫ್‌ಗಳಲ್ಲಿ ಒಂದು ವಿಚಿತ್ರ ತೊಡಕಿದೆ. ಯುನಿಕೋಡ್ ಬಳಕೆ ವ್ಯಾಪಕವಾಗುವ ಮುಂಚೆ ನುಡಿ, ಬರಹ, ಶ್ರೀಲಿಪಿಗಳ ಹಳೆಯ ಫಾಂಟುಗಳಲ್ಲಿ ಸಿದ್ಧಪಡಿಸಿದ ಕಡತ ಕಣ್ಣಿಗೆ ಶುದ್ಧ ಕನ್ನಡವಾಗಿಯೇ ಕಾಣುತ್ತದೆ, ಆದರೆ ಅದರಿಂದ ಒಂದು ಸಾಲನ್ನು ನಕಲು ಮಾಡಿ ಅಂಟಿಸಿದರೆ ರೋಮನ್ ಅಕ್ಷರ ಮತ್ತು ಚಿಹ್ನೆಗಳ ಕಲಸುಮೇಲೋಗರ ಬರುತ್ತದೆ. ಅಂಥ ಕಡತದೊಳಗೆ ‘ಪ್ರಾಣೇಶಾಚಾರ್ಯ’ ಎಂದು ಹುಡುಕಿ ‘ಇಲ್ಲ’ ಎಂಬ ಉತ್ತರ ಬಂದರೆ ಅದನ್ನು ನಂಬಬಾರದು. ಪುಟ ತಿರುಗಿಸಿಯೇ ನೋಡಬೇಕು. ಅಗತ್ಯವಿದ್ದರೆ ಪಠ್ಯವನ್ನು ಯುನಿಕೋಡಿಗೆ ಪರಿವರ್ತಿಸುವ ತಂತ್ರಾಂಶಗಳಿವೆ. ಇಂಟರ್ನೆಟ್ ಆರ್ಕೈವ್‌ನಲ್ಲಿ ಕನ್ನಡದ ಹಳೆಯ ಪುಸ್ತಕ, ಪತ್ರಿಕೆಗಳ ಸ್ಕ್ಯಾನುಗಳು ಬಹಳ ಇವೆ. ಹೆಚ್ಚಿನವುಗಳ ಶೀರ್ಷಿಕೆಗಳು ರೋಮನ್ ಲಿಪಿಯಲ್ಲಿ ಮನಬಂದ ಕಾಗುಣಿತದಲ್ಲಿ ನಮೂದಾಗಿರುವುದರಿಂದ ಒಂದೇ ಹೆಸರನ್ನು ಹಲವು ರೀತಿಯಲ್ಲಿ ಬರೆದು ಹುಡುಕಬೇಕು.

ಪಿಎಚ್.ಡಿ. ಮಹಾಪ್ರಬಂಧಗಳಿಗೆ ಶೋಧಗಂಗಾ ಎಂಬ ಜಾಲತಾಣವಿದೆ. ಪ್ರಬಂಧಗಳ ವಿದ್ಯುನ್ಮಾನ ಪ್ರತಿಯನ್ನು ಯುಜಿಸಿ ಕಡ್ಡಾಯಗೊಳಿಸಿದ್ದು 2009ರ ನಿಯಮಗಳಲ್ಲಿ. ಅದಕ್ಕೆ ಹಿಂದಿನವು ಎಲ್ಲವೂ ಅಲ್ಲಿಲ್ಲ, ಅವಕ್ಕೆ ಜ್ಞಾನಭಾರತಿಯಂಥ ಗ್ರಂಥಾಲಯದ ಕಪಾಟೇ ಗತಿ. ಮಹಾಪ್ರಬಂಧದ ಉಪಯೋಗ ಮುಖ್ಯವಾಗಿ ಅದರ ಕೊನೆಯ ಆಕರಸೂಚಿಯಲ್ಲಿದೆ ಎಂದರೆ ಸಂಶೋಧಕರು ಮುನಿಸಿಕೊಳ್ಳಬಹುದು, ಆದರೆ ಹೊಸಬರಿಗೆ ಅದು ನಿಜ. ಇಂಗ್ಲಿಷ್ ಲೇಖನಗಳಿಗೆ ಜೆಸ್ಟೋರ್ ಎಂಬ ಆನ್‌ಲೈನ್ ಸಂಗ್ರಹ ಸಾಕು. ಕಾಲೇಜಿನ ಮೂಲಕ ಪ್ರವೇಶವಿಲ್ಲದವರೂ ಉಚಿತ ಖಾತೆ ತೆರೆದು ತಿಂಗಳಿಗೆ ನಿಗದಿತ ಸಂಖ್ಯೆಯ ಲೇಖನಗಳನ್ನು ತೆರೆಯಲ್ಲಿಯೇ ಓದಬಹುದು.

ಯಾವುದನ್ನು ಉಳಿಸಿಕೊಳ್ಳಬೇಕು

ಹುಡುಕಿದ ಎಲ್ಲವನ್ನೂ ಸೇರಿಸಬೇಕಾಗಿಲ್ಲ. ಕಥಾಸಾರವನ್ನೇ ಹೇಳಿ ಮುಗಿಸುವ ಪರೀಕ್ಷಾ ಕೈಪಿಡಿಗಳನ್ನು ಬಿಡಿ. 2014ರ ಆಗಸ್ಟ್‌ನಲ್ಲಿ ಅನಂತಮೂರ್ತಿಯವರು ತೀರಿಕೊಂಡಾಗ ಬಂದ ಶ್ರದ್ಧಾಂಜಲಿ ಬರಹಗಳು ಲೇಖಕರ ವ್ಯಕ್ತಿತ್ವದ ಬಗ್ಗೆ ಹೇಳುವಷ್ಟು ಕಾದಂಬರಿಯ ಬಗ್ಗೆ ಹೇಳುವುದಿಲ್ಲ. ಅವುಗಳಲ್ಲಿ ಬಹುಪಾಲು ನಿಮಗೆ ಬೇಡ. ಲೇಖಕರ ಸ್ವಂತ ಮಾತುಗಳು, ಅಂದರೆ ಸಂದರ್ಶನಗಳು ಮತ್ತು ‘ಸುರಗಿ’ ಆತ್ಮಕಥನದಲ್ಲಿರುವ ಸಂಗತಿಗಳು, ವಿಮರ್ಶೆಯ ಸಾಲಿಗೆ ಸೇರದೆ ಪ್ರತ್ಯೇಕ ವಿಭಾಗವಾಗಬೇಕು. ಕಾದಂಬರಿ ಬರೆದು ಎಷ್ಟೋ ವರ್ಷಗಳ ನಂತರ ಲೇಖಕರು ಕೊಡುವ ವಿವರಣೆಯನ್ನು ಕಾದಂಬರಿಯ ಅರ್ಥವೆಂದೇ ತಿಳಿಯುವ ಅಭ್ಯಾಸ ನಮ್ಮಲ್ಲಿ ಬೇರೂರಿದೆ; ವಿಭಾಗ ಬೇರೆ ಮಾಡಿದರೆ ಆ ಗೊಂದಲ ಅರ್ಧ ಕಡಿಮೆಯಾಗುತ್ತದೆ.

ಒಪ್ಪದ ಬರಹವನ್ನು ಮಾತ್ರ ಕೈಬಿಡಬೇಡಿ. ಕಾದಂಬರಿಯನ್ನು ಹೊಗಳಿದ ಹತ್ತು ಲೇಖನಗಳಿಗಿಂತ, ಬ್ರಾಹ್ಮಣ್ಯದ ಚಿತ್ರಣ ಅನ್ಯಾಯದ್ದು ಎಂದೋ ಕೆಳಜಾತಿಯ ಹೆಣ್ಣು ಇಲ್ಲಿ ಆಚಾರ್ಯರ ಬಿಡುಗಡೆಗೆ ಸಾಧನ ಮಾತ್ರವಾಗಿದ್ದಾಳೆ ಎಂದೋ ಆಕ್ಷೇಪಿಸಿದ ಒಂದು ಲೇಖನ ನಿಮ್ಮ ಪ್ರಶ್ನೆಯನ್ನು ಹರಿತಗೊಳಿಸುತ್ತದೆ.

ಟಿಪ್ಪಣಿ ಬರೆಯುವುದು

ಲೇಖನವನ್ನು ಓದಿ ಮುಚ್ಚಿಟ್ಟು, ಅದನ್ನು ನೋಡದೆ ಅದರ ಮುಖ್ಯ ವಾದವನ್ನು ಎರಡು ವಾಕ್ಯಗಳಲ್ಲಿ ಬರೆಯಿರಿ. ಬರೆಯಲಾಗದಿದ್ದರೆ ಲೇಖನ ಇನ್ನೂ ಅರ್ಥವಾಗಿಲ್ಲವೆಂದೇ ತಿಳಿಯಬೇಕು, ಅಥವಾ ಲೇಖನದಲ್ಲಿ ವಾದವೇ ಇಲ್ಲವೆಂದು, ಎರಡನೆಯದೂ ಅಪರೂಪವೇನಲ್ಲ. ಆಮೇಲೆ ಲೇಖನವನ್ನು ಮತ್ತೆ ತೆರೆದು ಆ ವಾದಕ್ಕೆ ಕೊಟ್ಟ ಆಧಾರ ಯಾವುದು, ಯಾರ ಮಾತನ್ನು ಒಪ್ಪಿ ಅಥವಾ ಅಲ್ಲಗಳೆದು ಹೊರಟಿದೆ, ಎಲ್ಲಿ ಸಡಿಲವಾಗಿದೆ ಎಂಬುದನ್ನು ಸೇರಿಸಿ. ಕೊನೆಗೆ ನಿಮ್ಮ ಪ್ರಶ್ನೆಗೆ ಅದರ ಸಂಬಂಧವೇನು ಎಂಬ ಒಂದು ವಾಕ್ಯ. ಒಟ್ಟು 100ರಿಂದ 150 ಪದಗಳು ಸಾಕು. ಮುಕ್ತಾಯದ ಪ್ರಶ್ನೆಯನ್ನು ಎತ್ತಿಕೊಂಡ ಗ್ರಂಥಸೂಚಿಯಲ್ಲಿ ರಾಮಾನುಜನ್ ತಮ್ಮ ಅನುವಾದಕ್ಕೆ ಬರೆದ ಹಿನ್ನುಡಿಗೆ ಬರೆಯಬಹುದಾದ ಟಿಪ್ಪಣಿಯ ಸಂಕ್ಷಿಪ್ತ ಮಾದರಿ ಹೀಗಿದ್ದೀತು:

‘ಅನುವಾದಕರೇ ಬರೆದಿರುವ ಈ ಹಿನ್ನುಡಿ ಕಾದಂಬರಿಯನ್ನು ಒಂದು ಸಂಕ್ರಮಣ ವಿಧಿಯ ಚೌಕಟ್ಟಿನಲ್ಲಿ ಓದುತ್ತದೆ: ಇದ್ದ ನೆಲೆಯಿಂದ ಕಳಚಿಕೊಳ್ಳುವುದು, ನಡುವಿನ ಅನಿಶ್ಚಿತ ಸ್ಥಿತಿ, ಮರಳಿ ಸೇರುವುದು. ಆಚಾರ್ಯರು ಅಗ್ರಹಾರದಿಂದ ಹೊರಟು ಅಲೆಯುವ ಭಾಗಕ್ಕೆ ಈ ಚೌಕಟ್ಟು ಚೆನ್ನಾಗಿ ಹೊಂದುತ್ತದೆ. ಕೊನೆಯ ಹಂತ ಕಾದಂಬರಿಯಲ್ಲಿ ನಡೆಯುವುದೇ ಇಲ್ಲವಾದ್ದರಿಂದ ಮುಗಿಯದ ಮುಕ್ತಾಯ ಕೊರತೆಯಾಗಿ ಕಾಣದೆ ಅರ್ಥಪೂರ್ಣವಾಗುತ್ತದೆ. ಆದರೆ ಚೌಕಟ್ಟು ಆಚಾರ್ಯರೊಬ್ಬರ ಸುತ್ತಲೇ ಇರುವುದರಿಂದ ಚಂದ್ರಿಯ ದಾರಿ ಅದರ ಹೊರಗುಳಿಯುತ್ತದೆ. ಇಂಗ್ಲಿಷ್ ಓದುಗರಿಗೆ ಕಾದಂಬರಿ ತಲುಪಿದ್ದು ಈ ಹಿನ್ನುಡಿಯೊಂದಿಗೇ ಆದ್ದರಿಂದ ನಂತರದ ಇಂಗ್ಲಿಷ್ ಲೇಖನಗಳನ್ನು ಇದರ ಜೊತೆಗಿಟ್ಟು ಓದಬೇಕು.’

ವಿ.ಎಸ್. ನೈಪಾಲರ 1977ರ ‘ಇಂಡಿಯಾ: ಎ ವೂಂಡೆಡ್ ಸಿವಿಲೈಜೇಷನ್’ ಪುಸ್ತಕಕ್ಕೆ ಬರೆಯುವ ಟಿಪ್ಪಣಿಯ ಧಾಟಿ ಬೇರೆಯಾಗುತ್ತದೆ. ಮನೋವಿಶ್ಲೇಷಕ ಸುಧೀರ್ ಕಕ್ಕರ್ ಅವರ ವಿಚಾರಗಳ ಪಕ್ಕದಲ್ಲಿಟ್ಟು ನೈಪಾಲರು ಕಾದಂಬರಿಯನ್ನು ಓದುತ್ತಾರೆ. ಆಚಾರ್ಯರ ಬಿಕ್ಕಟ್ಟು ಅವರಿಗೆ ಹಿಂದೂ ಮನಸ್ಸಿನ ಕೊರತೆಗೆ ಪುರಾವೆ. ಅಗ್ರಹಾರದ ಜಡತೆಯನ್ನು ಕಾದಂಬರಿಯೇ ಟೀಕಿಸುತ್ತಿದೆ ಎಂಬುದನ್ನು ಅವರು ಎಷ್ಟರಮಟ್ಟಿಗೆ ಗಮನಿಸಿದ್ದಾರೆ ಎಂಬ ಪ್ರಶ್ನೆಯನ್ನು ಟಿಪ್ಪಣಿ ಎತ್ತಬೇಕು. ಅವರ ಓದು ಕನ್ನಡದ್ದಲ್ಲ ಎಂಬುದನ್ನೂ ಹೇಳಬೇಕು. ಇಲ್ಲಿ ‘ನೈಪಾಲರು ತಪ್ಪು’ ಎಂದು ತೀರ್ಪು ಬರೆದು ಮುಗಿಸಿದರೆ ಟಿಪ್ಪಣಿ ಕೆಡುತ್ತದೆ. ಮೀನಾಕ್ಷಿ ಮುಖರ್ಜಿಯವರ ‘ರಿಯಲಿಸಂ ಅಂಡ್ ರಿಯಾಲಿಟಿ’ (1985) ‘ಸಂಸ್ಕಾರ’ಕ್ಕೆ ಒಂದು ಅಧ್ಯಾಯವನ್ನೇ ಮೀಸಲಿಟ್ಟಿದೆ. ಭಾರತೀಯ ಕಾದಂಬರಿಯ ಹಿನ್ನೆಲೆಯಲ್ಲಿ ಕೃತಿಯನ್ನಿಡುವ ಅಂಥ ಓದನ್ನು ನೈಪಾಲರ ಓದಿನ ಪಕ್ಕದಲ್ಲಿಟ್ಟು, ಎರಡೂ ನಮೂದುಗಳಲ್ಲಿ ‘ಹೋಲಿಸಿ ನೋಡಿ’ ಎಂದು ಪರಸ್ಪರ ಸೂಚನೆ ಕೊಟ್ಟರೆ ಓದುಗರಿಗೆ ವಾಗ್ವಾದದ ಎಳೆ ಸಿಗುತ್ತದೆ.

ನಮೂದಿನ ರೂಪ, ಅಕಾರಾದಿ, ಉಳಿದ ಸಣ್ಣಪುಟ್ಟ ಸಂಗತಿಗಳು

ಎಂಎಲ್ಎ (ಮಾಡರ್ನ್ ಲ್ಯಾಂಗ್ವೇಜ್ ಅಸೋಸಿಯೇಷನ್) ಉಲ್ಲೇಖ ಪದ್ಧತಿಯೋ ವಿಭಾಗದ ಸ್ವಂತ ಪದ್ಧತಿಯೋ ಎಂಬುದನ್ನು ಮಾರ್ಗದರ್ಶಕರು ಹೇಳುತ್ತಾರೆ. ಯಾವುದಾದರೂ ಸರಿ, ಕೊನೆಯವರೆಗೆ ಒಂದೇ ಇರಲಿ. ಕನ್ನಡದ ಹೆಸರುಗಳಿಗೆ ಆ ಪದ್ಧತಿಗಳು ನೇರವಾಗಿ ಹೊಂದುವುದಿಲ್ಲ. ‘ಯು.ಆರ್.’ ಎಂಬುದು ಊರು ಮತ್ತು ತಂದೆಯ ಹೆಸರಿನ ಮೊದಲಕ್ಷರಗಳು, ‘ಅನಂತಮೂರ್ತಿ’ ಮನೆತನದ ಹೆಸರಲ್ಲ. ಆದರೂ ಅಕಾರಾದಿಯಲ್ಲಿ ‘ಅನಂತಮೂರ್ತಿ, ಯು.ಆರ್.’ ಎಂದೇ ಇಡುವುದು ರೂಢಿ. ‘ನಾಗರಾಜ್, ಡಿ.ಆರ್.’, ‘ನಾಯಕ, ಜಿ.ಎಚ್.’, ‘ಕುರ್ತಕೋಟಿ, ಕೀರ್ತಿನಾಥ’ ಎಂಬಂತೆ. ಕಾವ್ಯನಾಮದಿಂದಲೇ ಹೆಸರಾದವರನ್ನು ಕಾವ್ಯನಾಮದ ಕೆಳಗೆ ಇಟ್ಟು, ನಿಜನಾಮದ ಸ್ಥಾನದಲ್ಲಿ ‘ನೋಡಿ’ ಎಂಬ ಸೂಚನೆ ಕೊಡಿ. ಕನ್ನಡ ಮತ್ತು ಇಂಗ್ಲಿಷ್ ನಮೂದುಗಳನ್ನು ಒಂದರೊಳಗೊಂದು ಬೆರೆಸದೆ ಎರಡು ಭಾಗ ಮಾಡುವುದು ಒಳ್ಳೆಯದು. ವರ್ಡ್‌ನಲ್ಲಿ ತಾನಾಗಿ ಅಕಾರಾದಿ ಮಾಡಿಸಿದ ಮೇಲೆ ಒಮ್ಮೆ ಕಣ್ಣಾಡಿಸಿ. ಹಳೆಯ ಫಾಂಟಿನಲ್ಲಿ ಟೈಪಾದ ಪಟ್ಟಿಯಾದರೆ ಕ್ರಮ ಪೂರ್ತಿ ತಪ್ಪಿರುತ್ತದೆ. ವರ್ಷವನ್ನು ಕೊಡುವಾಗ ಮೊದಲ ಪ್ರಕಟಣೆಯ ವರ್ಷ ಮೊದಲು, ನೀವು ನೋಡಿದ ಸಂಪುಟದ ವರ್ಷ ಆಮೇಲೆ. ಕನ್ನಡ ಪುಸ್ತಕಗಳಲ್ಲಿ ‘ಮುದ್ರಣ’ ಮತ್ತು ‘ಪರಿಷ್ಕೃತ ಮುದ್ರಣ’ಗಳ ನಡುವಿನ ವ್ಯತ್ಯಾಸವನ್ನೂ ಬರೆದುಕೊಳ್ಳಬೇಕು, ಏಕೆಂದರೆ ಕೆಲವು ವಿಮರ್ಶಕರು ಸಂಕಲನಕ್ಕೆ ಸೇರಿಸುವಾಗ ಪತ್ರಿಕೆಯಲ್ಲಿ ಬರೆದಿದ್ದ ಖಾರದ ಮಾತುಗಳನ್ನು ತೆಗೆದಿರುತ್ತಾರೆ, ಎರಡನ್ನೂ ನೋಡಿದ್ದರೆ ಆ ಬದಲಾವಣೆಯೇ ಟಿಪ್ಪಣಿಯ ಅತ್ಯಂತ ಬೆಲೆಯುಳ್ಳ ಸಾಲಾಗಬಹುದು.

ಪೀಠಿಕೆಯನ್ನು ಎಲ್ಲ ಟಿಪ್ಪಣಿಗಳು ಮುಗಿದ ಮೇಲೆ ಬರೆಯಿರಿ. ಒಂದೂವರೆ ಪುಟದಷ್ಟು ಸಾಕು: ಪ್ರಶ್ನೆ ಯಾವುದು, ಯಾವ ಯಾವ ಗ್ರಂಥಾಲಯಗಳಲ್ಲಿ ಯಾವ ಪತ್ರಿಕೆಗಳ ಎಷ್ಟು ವರ್ಷಗಳ ಸಂಚಿಕೆಗಳನ್ನು ನೋಡಲಾಯಿತು, ಯಾವುದನ್ನು ಏಕೆ ಬಿಡಲಾಯಿತು. ಇತರರ ಅಡಿಟಿಪ್ಪಣಿಯಲ್ಲಿ ಹೆಸರು ಸಿಕ್ಕಿ, ನೀವು ಮಾತ್ರ ಕಣ್ಣಾರೆ ನೋಡಲಾಗದ ಲೇಖನಗಳೂ ಉಳಿದೇ ಉಳಿಯುತ್ತವೆ. ಅವನ್ನು ಓದಿದಂತೆ ನಟಿಸಿ ಇನ್ನೊಬ್ಬರ ಸಾರಾಂಶವನ್ನು ಟಿಪ್ಪಣಿಯಾಗಿಸಬಾರದು. ನಮೂದಿನ ಮುಂದೆ ನಕ್ಷತ್ರ ಚಿಹ್ನೆ ಹಾಕಿ, ‘ನೋಡಲಾಗಿಲ್ಲ’ ಎಂದು ಬರೆದು, ಆ ಮಾಹಿತಿ ಯಾರ ಯಾವ ಬರಹದ ಎಷ್ಟನೆಯ ಪುಟದಿಂದ ಬಂತು ಎಂಬುದನ್ನು ಕೊಡಿ. ಮುಂದೆ ಇದೇ ಕಾದಂಬರಿಯನ್ನು ಕೈಗೆತ್ತಿಕೊಳ್ಳುವ ವಿದ್ಯಾರ್ಥಿ ಆ ನಕ್ಷತ್ರಗಳಿಂದಲೇ ಹುಡುಕಾಟ ಆರಂಭಿಸಬಹುದು.